ಬಟ್ಟೆಯ ಬೆನ್ನು ನೋಡುವ ಊರುಗಳು

ಮಂಗಳವಾರ: ಕಲಘಟಗಿ ದಾಟಿ ಯಲ್ಲಾಪುರದ ಕಡೆಗೆ

ಕಾರವಾರದಲ್ಲಿ ಒಂದು ಸಣ್ಣ ಪ್ರದರ್ಶನ. ಅದಕ್ಕೂ ಮೊದಲು ಶಿರಸಿ ಹತ್ತಿರ ಹೊಲಿಗೆ ಕಮ್ಮಟ. ಇಷ್ಟು ಗೊತ್ತುಮಾಡಿಕೊಂಡು ಡಿಸೆಂಬರ್ ತಿಂಗಳಲ್ಲಿ ಧಾರವಾಡ ಬಿಟ್ಟೆವು. ನಾನು, ಗೆಳತಿ, ಅವಳ ಹಳೇ ಕಾರು. ಡಿಕ್ಕಿ ತುಂಬ ಬಟ್ಟೆಯ ಸುರುಳಿಗಳು. ಹಿಂದಿನ ಸೀಟಿನಲ್ಲಿ ದಾರದ ಡಬ್ಬಿ, ಬಿದಿರು ಕೋಲು, ಮನೆಯಿಂದ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ನಾನು ಕಸೂತಿ ಮಾಡುತ್ತೇನೆ ಅಂದರೆ ನಮ್ಮ ಓಣಿಯ ಹಿರಿಯರು ಒಪ್ಪುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಈ ನಾಲ್ಕು ಹೊಲಿಗೆಗಳನ್ನೂ ಅವರಿಂದಲೇ ಕಲಿತೆ. ಆಮೇಲೆ ಎಳೆ ಎಣಿಸುವುದನ್ನು ಬಿಟ್ಟು ಸಿಮೆಂಟ್ ಚೀಲದ ಮೇಲೆ, ಹರಿದ ಸೊಳ್ಳೆಪರದೆಯ ಮೇಲೆ, ಹಳೇ ಎಕ್ಸ್‌ರೇ ಫಿಲ್ಮಿನ ಮೇಲೆ ಹೊಲಿಯತೊಡಗಿದೆ. ಪ್ರದರ್ಶನದ ಕರಪತ್ರದಲ್ಲಿ ಇದಕ್ಕೆ ಪ್ರಾಯೋಗಿಕ ಜವಳಿ ಕಲೆ ಎಂದು ಬರೆಯುತ್ತಾರೆ. ನಮ್ಮವ್ವ ಚಿಂದಿ ಕೆಲಸ ಅನ್ನುತ್ತಾಳೆ. ನನಗೆ ಎರಡೂ ಅಡ್ಡಿಯಿಲ್ಲ.

ಕಲಘಟಗಿಯಲ್ಲಿ ಚಹಾ ಕುಡಿದು, ಬಣ್ಣದ ತೊಟ್ಟಿಲುಗಳನ್ನು ಹೊರಗಿನಿಂದಲೇ ನೋಡಿ ಮುಂದೆ ಹೋದೆವು. ಕಿರವತ್ತಿ ಬರುವ ಹೊತ್ತಿಗೆ ಹೊಲ ಮುಗಿದು ಸಾಗುವಾನಿ ಕಾಡು ಶುರುವಾಯಿತು. ಹತ್ತೂವರೆ ಆಗಿದ್ದರೂ ಗಾಳಿ ತಣ್ಣಗಿತ್ತು. ಯಲ್ಲಾಪುರಕ್ಕೆ ಸ್ವಲ್ಪ ಮುಂಚೆ ಮುಖ್ಯ ರಸ್ತೆ ಬಿಟ್ಟು ಕೆಂಪು ಮಣ್ಣಿನ ದಾರಿಗೆ ತಿರುಗಿದೆವು. ಅಲ್ಲಿಂದ ಫೋನಿಗೆ ಸಿಗ್ನಲ್ ಇಲ್ಲ. ಮನೆಯವರಿಗೆ ಮೊದಲೇ ಹೇಳಿಟ್ಟು ಹೋಗುವುದು ಒಳ್ಳೆಯದು. ದಾರಿ ಕೇಳಲು ಸಿಕ್ಕಿದ್ದು ದನ ಹೊಡೆದುಕೊಂಡು ಹೊರಟ ಗೌಳಿ ಹುಡುಗ ಒಬ್ಬನೇ. "ಸಿದ್ದಿ ಅಜ್ಜಿ ಮನೀನಾ? ಹಲಸಿನ ಮರ ಬರ್ತದ, ಅಲ್ಲೇ" ಅಂದ. ಹಲಸಿನ ಮರಗಳು ಬೇಕಾದಷ್ಟು ಬಂದವು.

ಈ ಅಜ್ಜಿಯನ್ನು ಒಂದು ಕರಕುಶಲ ಮೇಳದಲ್ಲಿ ನೋಡಿದ್ದೆ. ಅವರು ಹಳೇ ಬಟ್ಟೆ ಸೇರಿಸಿ ಹೊಲಿದ ಒಂದು ಹೊದಿಕೆಯನ್ನು, ಅಂದರೆ ಕೌದಿಯನ್ನು, ಕಾರವಾರಕ್ಕೆ ಒಯ್ಯುವುದೆಂದು ಮಾತಾಗಿತ್ತು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದ ಆಫ್ರಿಕಾದ ಜನ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ಸಂತತಿಯವರಾದ ಸಿದ್ದಿಗಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಧರ್ಮದ ಸಿದ್ದಿಗಳಿದ್ದಾರೆ. ಕೌದಿ ಮಾತ್ರ ಎಲ್ಲರ ಮನೆಯಲ್ಲೂ ಇದೆ. ಕೆಲವರ ಕೌದಿಯ ನಡುವೆ ಶಿಲುಬೆ ಇರುತ್ತದೆ, ಕೆಲವರದರಲ್ಲಿ ಅರ್ಧಚಂದ್ರ.

ನಮ್ಮ ಧಾರವಾಡದ ಕಡೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿಯುತ್ತಾರೆ. ಅಜ್ಜಿಯದು ಬೇರೆ ಲೆಕ್ಕ. ಅಡಿಯಲ್ಲಿ ಒಂದು ಸೀರೆ. ಒಂದು ಮೂಲೆಯಿಂದ ಶುರು. ಸಿಕ್ಕ ತುಂಡನ್ನು ಇಟ್ಟು, ಅಂಚನ್ನು ಬೆರಳಲ್ಲೇ ಒಳಗೆ ಮಡಚಿ, ಸಾದಾ ಹೊಲಿಗೆ ಹಾಕುತ್ತ ಅಂಚಿನಗುಂಟ ಹೋಗುವುದು. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹಾಗೆ ಸುತ್ತುತ್ತ ನಡುವಿಗೆ ಬಂದರೆ ಕೌದಿ ಮುಗಿಯಿತು. ಕಾಗದದ ಮೇಲೆ ನಕ್ಷೆ ಇಲ್ಲ, ಗುರುತು ಇಲ್ಲ, ಪಿನ್ ಕೂಡ ಇಲ್ಲ. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಬಣ್ಣದ ತುಂಡುಗಳು, ಅವರ ಬಾಯಲ್ಲಿ 'ಫುಲಾ'. ಅದಿಲ್ಲದ ಕೌದಿ ಬೆತ್ತಲೆ ಅಂತ ಅಜ್ಜಿಯ ತೀರ್ಮಾನ.

ನನ್ನ ಕೆಲಸ ತೋರಿಸಿದೆ. ಒಂದನ್ನು ಎತ್ತಿಕೊಂಡವರು ಮುಂಭಾಗ ನೋಡಲೇ ಇಲ್ಲ. ತಿರುಗಿಸಿದರು. ಹಿಂದೆ ಲೈನಿಂಗ್ ಬಟ್ಟೆ. ಉಗುರಿನಿಂದ ಅದರ ಅಂಚು ಕೆರೆದು ಕೇಳಿದರು:

"ಯವ್ವಾ, ಬೆನ್ನಿಗೆ ಯಾಕ ಮುಚ್ಚೀಯ? ಹುಣ್ಣು ಆಗೇದೇನು?"

ಒಂದು ನಗರದ ಗ್ಯಾಲರಿಯವರು ಹಾಕಿದ್ದ ಕರಾರು ಅದು. ಗೋಡೆಗೆ ಚಪ್ಪಟೆ ಕೂರಬೇಕು, ದಾರದ ತುದಿ ಕಾಣಬಾರದು, ಹಿಂದೆ ಲೈನಿಂಗ್ ಕಡ್ಡಾಯ. ಅಜ್ಜಿಗೆ ಇದನ್ನೆಲ್ಲ ಹೇಳುವ ಬದಲು ಅವರ ಕೌದಿಯನ್ನು ತಿರುಗಿಸಿ ನೋಡಿದೆ. ಮುಂದೆ ನೂರು ಬಣ್ಣದ ಗದ್ದಲ. ಹಿಂದೆ ಒಂದೇ ಮಾಸಿದ ಸೀರೆ, ಅದರ ಮೇಲೆ ಬಿಳಿ ದಾರದ ಹಾದಿ. ಎಲ್ಲಿ ದಾರ ಮುಗಿಯಿತು, ಎಲ್ಲಿ ಕೈ ಬದಲಾಯಿತು, ಎಲ್ಲಿ ಬೇಸರ ಬಂದು ಹೊಲಿಗೆ ಉದ್ದವಾಯಿತು, ಎಲ್ಲ ಅಲ್ಲೇ ಇತ್ತು. "ಇಲ್ಲಿಂದ ನನ್ನ ಸೊಸೀದು" ಎಂದು ಅಜ್ಜಿ ಒಂದು ಜಾಗ ತೋರಿಸಿದರು. ಮುಂಭಾಗದಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಬಗ್ಗೆ ಕೆಲಸ ಮಾಡಿದವರು. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೂ ಆಯಿತು. ಈಗ ಹೊರದೇಶದ ಹೊಲಿಗೆ ತರಗತಿಗಳಲ್ಲಿ 'ಕವಂದಿ' ಎಂಬ ಹೆಸರಿನಲ್ಲಿ ಇದೇ ಕ್ರಮ ಕಲಿಸುತ್ತಾರೆ. ನನ್ನ ಫೋನಿನಲ್ಲಿ ಉಳಿಸಿಕೊಂಡಿದ್ದ ಅಂಥ ಒಂದು ವಿಡಿಯೊ ತೋರಿಸಿದೆ. ಅಜ್ಜಿ ನೋಡಿ, "ಮೂಲೆ ಛಲೋ ಮಾಡ್ಯಾಳ" ಎಂದು ಮೆಚ್ಚಿಕೊಂಡರು. ಮೊಮ್ಮಗಳು ಮಾತ್ರ "ಕ್ಲಾಸಿಗೆ ಫೀ ಎಷ್ಟಂತೆ? ಅದರಲ್ಲಿ ನಮ್ಮಜ್ಜಿ ಪಾಲೆಷ್ಟು?" ಅಂದಳು. ತಮಾಷೆಗೆ ಕೇಳಿದಂತೆ ಇರಲಿಲ್ಲ.

ಕೌದಿಗೆ ಬೆಲೆ ಕಟ್ಟಿ, ಮುಂಗಡ ಕೊಟ್ಟು, ಚೀಟಿ ಬರೆದು ಹೊರಟೆವು. ಇಂಥ ವ್ಯವಹಾರದಲ್ಲಿ ಚೀಟಿ ಬೇಕೇ ಬೇಕು. "ಬೇಡ ಬಿಡವ್ವಾ" ಅಂದರೂ ಬರೆದು ಕೊಡಿ.

ಬುಧವಾರ: ಶಿರಸಿ, ಅಡಿಕೆ ಸುಲಿಯುವ ಮನೆ

ಕಮ್ಮಟ ಇದ್ದದ್ದು ಶಿರಸಿ ಪೇಟೆಯಿಂದ ಒಳಗೆ, ತೋಟದ ಅಂಚಿನ ಒಂದು ದೊಡ್ಡ ಮನೆಯಲ್ಲಿ. ಕಾರಿಳಿಯುವ ಮೊದಲೇ ಮನೆಯಾಕೆ "ಬನ್ನಿ ಬನ್ನಿ, ಆಸ್ರಿಗೆ ಎಂತ ಕುಡಿತ್ರಿ?" ಎಂದರು. ಮಜ್ಜಿಗೆ ಬಂತು, ಹಿಂದೆಯೇ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಬಂತು. ಅದು ಅಡಿಕೆ ಕೊಯ್ಲಿನ ಕಾಲ. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು ಬೆಳಿಗ್ಗೆ ಸೂಜಿ ಹಿಡಿಯಲು ಬಂದಿದ್ದರು. ಅಕ್ಕಪಕ್ಕದ ಮನೆಯ ಹೆಂಗಸರು, ಕಾಲೇಜು ಹುಡುಗಿಯರು, ಒಬ್ಬ ಫೋಟೋಗ್ರಾಫರ್ ಹುಡುಗ. ಜೊತೆಗೆ ಕುತೂಹಲಕ್ಕೆ ಬಂದಿದ್ದ ಪೇಟೆಯ ಟೇಲರ್ ಅಣ್ಣ.

ಬರುವಾಗ ತೋಟದಲ್ಲಿ ಹಾಕುವ ಹಳೇ ಬಟ್ಟೆ ತನ್ನಿ ಅಂತ ಮೊದಲೇ ಹೇಳಿದ್ದೆ. ಅಡಿಕೆಯ ಕರೆ ಹತ್ತಿದ ಬಟ್ಟೆಯನ್ನು ಯಾವ ಸಾಬೂನೂ ಬಿಳಿ ಮಾಡುವುದಿಲ್ಲ. ಪಂಚೆ, ಲಂಗ, ಅಂಗಿ, ಎಲ್ಲದರ ಮೇಲೂ ಕಂದು ಕಲೆಗಳು. ಮೊದಲ ಪಾಠ ಇಷ್ಟೇ: ಒಂದು ಕಲೆ ಆರಿಸಿ, ಅದರ ಅಂಚು ಹಿಡಿದು ಸಾದಾ ಹೊಲಿಗೆ ಹಾಕಿ. ಕಲೆ ಎಲ್ಲಿ ತಿಳಿಯಾಗುತ್ತದೋ ಅಲ್ಲಿ ಹೊಲಿಗೆ ದೂರದೂರ ಹಾಕಿ. ದಟ್ಟವಾದ ಕಡೆ ಹತ್ತಿರ ಹತ್ತಿರ. ಒಂದು ಗಂಟೆಯಲ್ಲಿ ಹರಕು ಪಂಚೆಗಳು ಹಳೇ ಕಾಲದ ಸಮುದ್ರದ ನಕಾಶೆಗಳಾಗಿ ಕಾಣತೊಡಗಿದವು.

ಟೇಲರ್ ಅಣ್ಣನಿಗೆ ಸಹಿಸಲಾಗಲಿಲ್ಲ.

"ಮೇಡಂ, ನೇರ ಹೊಲಿಗೆ ಹಾಕೋಕೆ ನಾನು ವರ್ಷಗಟ್ಟಲೆ ಬೈಸಿಕೊಂಡಿದ್ದೇನೆ. ನೀವು ಸೊಟ್ಟ ಹೋಗಿ ಅಂತೀರಿ. ಇದು ಕಚ್ಚಾ ಹೊಲಿಗೆ. ಬಿಚ್ಚಿ ಬಿಸಾಡೋದು."

ಅದೇ ಸರಿಯಾದ ಮಾತು ಅಂದೆ. ಬಿಚ್ಚಿ ಬಿಸಾಡುವ ಹೊಲಿಗೆಯನ್ನೇ ಉಳಿಸಿಕೊಂಡರೆ ಹೇಗಿರುತ್ತದೆ, ಒಂದು ಕೋಟಿನ ಕಚ್ಚಾ ಹೊಲಿಗೆಯಷ್ಟನ್ನೇ ಹೊಲಿದು ತೋರಿಸಿ, ಕೋಟು ಬೇಡ ಅಂದೆ. ಅವರು ತಲೆ ಕೆರೆದುಕೊಂಡು ಮೂಲೆಗೆ ಹೋಗಿ ಕೂತರು. ಊಟದ ಹೊತ್ತಿಗೂ ಏಳಲಿಲ್ಲ.

ಊಟ ಅಂದರೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ. ಅಪ್ಪೆಹುಳಿಯನ್ನು ಅನ್ನಕ್ಕೆ ಹಾಕಿಕೊಳ್ಳುವುದೋ ಕುಡಿಯುವುದೋ ಎಂದು ನಾನು ನೋಡುತ್ತಿರುವಾಗ ಗೆಳತಿ ಲೋಟ ಖಾಲಿ ಮಾಡಿದ್ದಳು. ಆಮೇಲೆ ಅವಳಿಗೆ ಎಂಥ ನಿದ್ದೆ ಬಂತೆಂದರೆ ಮಧ್ಯಾಹ್ನದ ಫೋಟೋ ಒಂದೂ ಇಲ್ಲ.

ಸಂಜೆ ಬಣ್ಣದ ಕೆಲಸ. ಸುಲಿದ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸವೇ ಚೊಗರು. ಅಡಿಕೆಗೆ ಬಣ್ಣ ಕಟ್ಟಲು ಅದನ್ನು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಬಟ್ಟೆ ಅದ್ದಿದರೆ ಇಟ್ಟಿಗೆ ಬಣ್ಣ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕೆಂದು ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಬಣ್ಣ ಗಟ್ಟಿಯಾಗಿ ನಿಲ್ಲಲು ಅದರ ಒಂದು ಚಿಟಿಕೆ ಸಾಕು. ಆದರೆ ಅದು ವಿಷ. ಕೈಗೆ ಗವಸು ಇರಲಿ. ಅಡುಗೆಯ ಪಾತ್ರೆ ಮುಟ್ಟಲೇಬೇಡಿ. ಇನ್ನೊಂದು ಒಲೆಯ ಮೇಲೆ ಯಾರೋ ತುಕ್ಕು ಹಿಡಿದ ಕಬ್ಬಿಣದ ಬಾಣಲೆ ಇಟ್ಟಿದ್ದರು. ಅದರಲ್ಲಿ ಬಿದ್ದ ಬಟ್ಟೆಗಳೆಲ್ಲ ಕಪ್ಪು ಬೂದಿ ಬಣ್ಣವಾಗಿ ಎದ್ದವು. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಹಾಗೇ ಆಗುವುದು. ಹುಡುಗಿಯರು ಹೌಹಾರಿದರು. ಮನೆಯಾಕೆ ಒಂದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಚೊಲೊ ಆಜು. ಎರಡೂ ಬದಿ ಒಂದೇ ನಮೂನಿ ಬಣ್ಣ ಹಿಡದ್ದು" ಅಂದರು. ಅವರೂ ತಿರುಗಿಸಿಯೇ ನೋಡಿದ್ದು.

ಆ ರಾತ್ರಿ ಅಡಿಕೆ ಸುಲಿಯುವ ಸಾಲಿನ ಪಕ್ಕ ಕೂತು ನನ್ನ ಕೃತಿಗಳ ಲೈನಿಂಗ್ ಬಿಚ್ಚಲು ಶುರುಮಾಡಿದೆ.

ಗುರುವಾರ: ಮಾರಿಕಾಂಬೆ ಗುಡಿ, ಹಾಳೆ, ಮಳೆ

ಬೆಳಿಗ್ಗೆ ಎಲ್ಲರೂ ಮಾರಿಕಾಂಬಾ ಗುಡಿಗೆ ಹೋದೆವು. ದೇವಿಯ ದರ್ಶನಕ್ಕೆ ಕೆಲವರು, ಗೋಡೆಯ ದರ್ಶನಕ್ಕೆ ನಾನು. ಅಲ್ಲಿನ ಕಾವಿ ಚಿತ್ರಗಳಲ್ಲಿ ಇರುವುದು ಬಿಳಿ ಸುಣ್ಣ ಮತ್ತು ಕೆಮ್ಮಣ್ಣು ಎರಡೇ. ಹಸಿ ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಚೂಪಾದ ಕಬ್ಬಿಣದ ಕಡ್ಡಿಯಿಂದ ಕೆರೆದು ಅಡಿಯ ಬಿಳಿಯನ್ನು ಹೊರಗೆ ತರುವುದು. ಅಂದರೆ ಮುಂದೆ ಕಾಣುವ ಗೆರೆ ಹಿಂದಿನ ಪದರದ್ದು. ಕಾಲೇಜು ಹುಡುಗಿಯೊಬ್ಬಳು ಅಲ್ಲೇ ನಿಂತು, "ಹಾಗಾದ್ರೆ ಎರಡು ಬಟ್ಟೆ ಇಟ್ಟು ಹೊಲಿದು, ಮೇಲಿನದನ್ನು ಕತ್ತರಿಸಿದರೆ?" ಅಂದಳು. ಅವಳ ದಿನದ ಕೆಲಸ ಅದೇ ಆಯಿತು. ಚೊಗರಿನ ಬಟ್ಟೆ ಮೇಲೆ, ಬಿಳಿ ಪಂಚೆ ಕೆಳಗೆ.

ಉಳಿದವರಿಗೆ ಅಡಿಕೆ ಹಾಳೆಯ ಮೇಲೆ ಹೊಲಿಗೆ. ಒಣ ಹಾಳೆಗೆ ಸೂಜಿ ಚುಚ್ಚಿದರೆ ನಾರಿನ ಉದ್ದಕ್ಕೆ ಸೀಳುತ್ತದೆ. ನೀರಲ್ಲಿ ಚೆನ್ನಾಗಿ ನೆನೆಸಿ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಮೊದಲು ತೂತು ಮಾಡಿಕೊಂಡು, ಆಮೇಲೆ ದಾರ ಎಳೆಯಬೇಕು. ಅಂಗುಸ್ತಾನ ಇಲ್ಲದೆ ಕೂತರೆ ಸಂಜೆಗೆ ಬೆರಳು ಉಳಿಯುವುದಿಲ್ಲ. ಹಾಳೆ ಒಣಗಿದಾಗ ಮುದುಡಿ ದಾರವನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಆಕಾರ ನಮ್ಮ ಕೈಯಲ್ಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಹುಡುಗಿಯರಿಗೆ ಕಷ್ಟವಾಯಿತು. ಅಡಿಕೆ ಬೆಳೆಗಾರ ಹೆಂಗಸರಿಗೆ ಏನೂ ಕಷ್ಟವಾಗಲಿಲ್ಲ. ಬೆಳೆ ಬಂದರೆ ದರ ಇಲ್ಲ, ದರ ಬಂದರೆ ಕೊಳೆರೋಗ. ಅವರಿಗೆ ಇದೆಲ್ಲ ಅಭ್ಯಾಸ.

ಮೂರು ಗಂಟೆಗೆ ಮೋಡ ಕವಿಯಿತು. ಡಿಸೆಂಬರಿನಲ್ಲಿ ಮಳೆಯಾ ಅಂತ ನಾವು ಬೆರಗಾಗುವುದರೊಳಗೆ ಕಮ್ಮಟ ಪೂರ್ತಿ ಖಾಲಿ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯ ಕಡೆಗೆ ಎಲ್ಲರೂ ಓಡಿದ್ದರು. ಸೂಜಿ ಬಾಯಲ್ಲಿ ಕಚ್ಚಿಕೊಂಡು ನಾನೂ ತಾಡಪತ್ರಿಯ ಒಂದು ತುದಿ ಎಳೆದೆ. ಅಡಿಕೆ ಉಳಿಯಿತು. ತಂತಿಯ ಮೇಲಿದ್ದ ಬಣ್ಣದ ಬಟ್ಟೆಗಳು ನೆನೆದು ಕೆಂಪು ಕಪ್ಪಿಗೆ ಇಳಿಯಿತು. "ಎಂತಾ ಆಗ್ತಿಲ್ಲೆ ತಂಗಿ, ಅದನ್ನೂ ಹೊಲದರಾತು" ಎಂದು ಮನೆಯ ಹಿರಿಯಕ್ಕ ನಕ್ಕರು. ನಿನ್ನೆಯ ಪಾಠ ಇವರಿಗೆ ಜಾಸ್ತಿಯೇ ಹತ್ತಿತ್ತು.

ಹೊರಡುವಾಗ ತೊಡೆದೇವು ಕಟ್ಟಿಕೊಟ್ಟರು. ಬೋರಲು ಹಾಕಿದ ಬಿಸಿ ಗಡಿಗೆಯ ಮೇಲೆ ಅಕ್ಕಿ ಹಿಟ್ಟು ಮತ್ತು ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಬಳಿದು ಎಬ್ಬಿಸುವ ತಿಂಡಿ. ಎಲ್ಲ ಬಿಟ್ಟು ಆ ಬಟ್ಟೆ ಯಾವುದು, ಹತ್ತಿಯದೇ ಆಗಬೇಕಾ ಎಂದು ನಾನು ಕೇಳಿದ್ದಕ್ಕೆ ಗೆಳತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಶುಕ್ರವಾರ: ದೇವಿಮನೆ ಘಟ್ಟ, ಅಂಕೋಲಾ

ಘಟ್ಟ ಇಳಿಯುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಸ್ತೆ ಅಗಲ ಮಾಡುವ ಕೆಲಸದ ಧೂಳು, ನಡುನಡುವೆ ಬೆಳಗಿನ ಮಂಜು. ಈ ದಾರಿ ಆಗಾಗ ಬಂದ್ ಆಗುತ್ತದೆ. ಹೊರಡುವ ಮೊದಲು ಶಿರಸಿಯಲ್ಲೇ ವಿಚಾರಿಸಿಕೊಳ್ಳಿ. ಕುಮಟಾ ಮುಟ್ಟುವಷ್ಟರಲ್ಲಿ ಸ್ವೆಟರ್ ತೆಗೆದು, ಕಿಟಕಿ ಇಳಿಸಿ, ಬೆವರು ಒರೆಸಿಕೊಂಡಾಗಿತ್ತು.

ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ ಮಾರುತ್ತ ಕೂತಿದ್ದರು. ಕುತ್ತಿಗೆ ತುಂಬ ಮಣಿಸರ. ರವಿಕೆಯಿಲ್ಲದೆ ಕತ್ತಿಗೆ ಗಂಟು ಹಾಕಿ ಉಟ್ಟ ಸೀರೆ. ಆ ಉಡುಗೆಯಲ್ಲಿ ಹೊಲಿಗೆಯೇ ಇಲ್ಲ. ಒಂದು ಗಂಟು, ಅಷ್ಟೇ. ಸೂಜಿಯ ಬಗ್ಗೆ ಊರೂರು ಪಾಠ ಹೇಳುತ್ತ ಬಂದವಳಿಗೆ ಅದನ್ನು ನೋಡಿ ಸ್ವಲ್ಪ ಇರಿಸುಮುರುಸಾಯಿತು. ಬಸಳೆ ಸೊಪ್ಪು ಕೊಂಡೆ. ಕಾರಿನಲ್ಲಿ ಅದನ್ನು ಏನು ಮಾಡುವುದೆಂದು ಗೆಳತಿ ಕೇಳಿದಳು. ಮಾತಾಡಿಸಲು ಒಂದು ನೆಪ ಬೇಕಿತ್ತು.

ಫೋಟೋ ತೆಗೆಯಲಾ ಅಂದಾಗ ಸೊಪ್ಪು ಮಾರಿದಾಕೆ "ಬ್ಯಾಡ" ಅಂದರು. ಬದಲಿಗೆ ನನ್ನ ಚೀಲದ ಮೇಲಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ, ಚೀಲದ ಬಾಯಿ ಅಗಲಿಸಿ ಒಳಗಿನಿಂದ ನೋಡಿದರು. "ಗಂಟು ಹಾಕ್ಲಿಲ್ಲ ನೀನು. ಬಿಚ್ಚಿ ಹೋಗ್ತದಲ್ಲ?" ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಹೋದ ದಾರಿಯಲ್ಲೇ ದಾರ ವಾಪಸು ಬಂದು ತಾನೇ ಕೂತುಕೊಳ್ಳುತ್ತದೆ, ಗವಂತಿ ಎರಡೂ ಬದಿ ಒಂದೇ ಥರ ಕಾಣುತ್ತದೆ ಎಂದು ವಿವರಿಸಿದೆ. ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಚೀಲದ ಒಂದು ದಾರವನ್ನು ಜಗ್ಗಿ ಪರೀಕ್ಷೆಯನ್ನೂ ಮಾಡಿದರು. ಬರಲಿಲ್ಲ. ಬಸಳೆ ಜೊತೆ ಒಂದು ಹಿಡಿ ಕೊಸರು ಸಿಕ್ಕಿತು.

ಶನಿವಾರ, ಭಾನುವಾರ: ಕಾರವಾರ

ಪ್ರದರ್ಶನದ ಜಾಗ ಸಮುದ್ರಕ್ಕೆ ಹತ್ತಿರದ ಒಂದು ಹಳೇ ಸಭಾಂಗಣ. ಗೋಡೆಗಳೆಲ್ಲ ತೇವ. ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಹೇಗೂ ನನಗೆ ಗೋಡೆ ಬೇಕಿರಲಿಲ್ಲ. ಲೈನಿಂಗ್ ಬಿಚ್ಚಿದ ಕೃತಿಗಳನ್ನು ಹಾಲಿನ ನಡುವೆ, ಎರಡೂ ಬದಿಯಿಂದ ನೋಡುವ ಹಾಗೆ ತೂಗುಹಾಕಬೇಕಿತ್ತು. ಹಗ್ಗ ಹುಡುಕಿಕೊಂಡು ಬೆಳಿಗ್ಗೆಯೇ ಬೈತಖೋಲ್ ಬಂದರಿಗೆ ಹೋದೆವು.

ಅಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯರೊಬ್ಬರು ಹಗ್ಗಕ್ಕಿಂತ ಜಾಸ್ತಿ ಮಾತು ಕೊಟ್ಟರು. ಅವರ ಕೈಯಲ್ಲಿ ಬಲೆ ಸೂಜಿ ಓಡುವುದನ್ನು ಹಿಂಬಾಲಿಸಲು ನನ್ನ ಕಣ್ಣಿಗೆ ಆಗಲಿಲ್ಲ. ಹಿಂದೆ ಹತ್ತಿ ನೂಲಿನ ಬಲೆ ಇದ್ದಾಗ ಮರದ ತೊಗಟೆ ಕುದಿಸಿದ ನೀರಿಗೆ ಅದನ್ನು ಅದ್ದುತ್ತಿದ್ದರಂತೆ, ಇಲ್ಲದಿದ್ದರೆ ಕೊಳೆತುಹೋಗುತ್ತಿತ್ತು. ಚೊಗರಿನ ಬಟ್ಟೆ ತೋರಿಸಿದೆ. ಮೂಸಿ ನೋಡಿ, "ಇದೇ, ಇದೇ ವಾಸನೆ" ಅಂದರು. ನೈಲಾನ್ ಬಂದ ಮೇಲೆ ಆ ಕೆಲಸ ಹೋಯಿತು.

ಮೃಣಾಲಿನಿ ಮುಖರ್ಜಿಯವರ ಕೃತಿಗಳ ಚಿತ್ರ ನನ್ನ ಫೋನಿನಲ್ಲಿತ್ತು. ಬರೋಡಾದಲ್ಲಿ ಕಲಿತ ಈ ಕಲಾವಿದೆ (1949–2015) ಮಗ್ಗ ಬಳಸದೆ, ಸೆಣಬಿನ ಹಗ್ಗವನ್ನು ಬರೀ ಕೈಯಿಂದ ಗಂಟು ಹಾಕುತ್ತ ಆಳೆತ್ತರದ ಶಿಲ್ಪಗಳನ್ನು ಮಾಡಿದರು. 2019ರಲ್ಲಿ ಅವು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಅಜ್ಜ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

"ಇದು ನಮ್ಮ ಬಲೆ ಗಂಟಲ್ಲ ಅಕ್ಕೋರೆ. ಆದ್ರೆ ಎಲ್ಲೂ ಸಡಿಲ ಬಿಡ್ಲಿಲ್ಲ ಆ ಹೆಂಗ್ಸು. ಹಿಂದಿನಿಂದ ತೆಗೆದ ಫೋಟೋ ಇಲ್ವಾ?"

ಇರಲಿಲ್ಲ. ಶಿಲ್ಪದ ಬೆನ್ನನ್ನು ಯಾರೂ ಮುದ್ರಿಸುವುದಿಲ್ಲ.

ಮಧ್ಯಾಹ್ನ ಬಂಗಡೆ ಸಾರು, ಬಳಚಿನ ಸುಕ್ಕ, ಸೋಲ್ ಕಡಿ. ಆಮೇಲೆ ನೇತುಹಾಕುವ ಕೆಲಸ. ಕಾರವಾರದ ಗಾಳಿಯ ಉಪ್ಪಿಗೆ ಸೂಜಿಗಳು ಎರಡೇ ದಿನಕ್ಕೆ ತುಕ್ಕು ಹಿಡಿದವು. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟವು ಮಾತ್ರ ಉಳಿದವು. ನಾಲ್ಕು ಗಂಟೆಗೆ ಸಮುದ್ರದ ಗಾಳಿ ಎದ್ದಿತು ನೋಡಿ, ಬಟ್ಟೆಗಳೆಲ್ಲ ಅಡ್ಡಡ್ಡ ಹಾರಿ ಒಂದು ಹೋಗಿ ಸ್ವಯಂಸೇವಕ ಹುಡುಗನ ಚಹಾದಲ್ಲಿ ಬಿತ್ತು. ಮತ್ತೆ ಬಂದರಿಗೆ ಓಡಿ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಪ್ರತಿ ಬಟ್ಟೆಯ ಕೆಳಗೆ ಕಟ್ಟಿದೆವು. ಕಡಲೂರಿನಲ್ಲಿ ಬಟ್ಟೆ ತೂಗುಹಾಕುವವರಿಗೆ ಇದ್ದ ಒಂದೇ ಉಪಾಯ.

ಸಂಜೆ ಬಾಗಿಲು ತೆರೆದಾಗ ಟ್ಯಾಗೋರ್ ಕಡಲತೀರಕ್ಕೆ ಬಂದವರು ಹಾಗೇ ಒಳಗೆ ನುಗ್ಗಿದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಬಂದು ಉಳಿದದ್ದರಿಂದ ತೀರಕ್ಕೆ ಆ ಹೆಸರು. ನಮ್ಮಲ್ಲಿ ಬಂದವರಲ್ಲಿ ಹೆಚ್ಚಿನವರು ಯುದ್ಧನೌಕೆಯ ಮ್ಯೂಸಿಯಂ ನೋಡಿ, ಐಸ್‌ಕ್ರೀಮ್ ಹಿಡಿದುಕೊಂಡು ಬಂದ ಮಕ್ಕಳು. ಮುಟ್ಟಬೇಡಿ ಎಂಬ ಬೋರ್ಡು ಹಾಕಿರಲಿಲ್ಲ. ಮುಟ್ಟಿದರು. ಅಜ್ಜಿಯ ಕೌದಿಯನ್ನು ಎತ್ತರದಲ್ಲಿ ಕಟ್ಟಿದ್ದು ಪುಣ್ಯ. ಅದರ ಅಡಿಗೆ ನುಗ್ಗಿ ತಲೆಯೆತ್ತಿ ಬೆನ್ನು ನೋಡುವುದೇ ಅವರಿಗೆ ಆಟವಾಯಿತು.

ಭಾನುವಾರ ನಡುವಿನ ಮೇಜಿನ ಮೇಲೆ ಒಂದು ಉದ್ದನೆ ಬಟ್ಟೆ ಹಾಸಿ, ಬಂದವರೆಲ್ಲ ಒಂದು ಗೆರೆ ಹೊಲಿಯಲಿ ಅಂತ ಇಟ್ಟೆವು. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬದ ಒಬ್ಬ ತಾಯಿ ಬಂದು ಕೂತರು. ಹೆಚ್ಚು ಮಾತಿಲ್ಲ. ಬಹಳ ಹೊತ್ತು ಒಂದು ವೃತ್ತ, ಅದರೊಳಗೆ ಇನ್ನೊಂದು ವೃತ್ತ ಹೊಲಿದರು. ಏನಮ್ಮಾ ಅಂದರೆ "ಬಾವಿ" ಅಂದರು. ಹಳೇ ಮನೆಯ ಬಾವಿ, ಬೇಲಿಯೊಳಗೆ ಉಳಿದದ್ದು. ಪಕ್ಕದಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರ ಹೆಂಡತಿ ತಮ್ಮ ಪಂಜಾಬಿನ ಫುಲ್ಕಾರಿ ಹೊಲಿಗೆ ಹಾಕುತ್ತ ಕೂತಿದ್ದರು. ಫುಲ್ಕಾರಿಯನ್ನು ಬಟ್ಟೆಯ ಹಿಂಬದಿಯಿಂದಲೇ ಎಳೆ ಎಣಿಸಿ ಹೊಲಿಯುವುದು. ತಾಯಿ ಅದನ್ನು ಗಮನಿಸಿದರು. "ಹಿಂದಿನಿಂದ ಹೊಲೀತೀರಾ? ಮುಂದೆ ಸರಿ ಬಂತು ಅಂತ ಹೇಗೆ ಗೊತ್ತಾಗ್ತದೆ?" ಆಕೆಗೆ ಕನ್ನಡ ಅಷ್ಟಕ್ಕಷ್ಟೆ. ಇಬ್ಬರೂ ಬಟ್ಟೆಯನ್ನು ಎತ್ತಿ ಹಿಡಿದು, ಒಬ್ಬರು ಆಚೆ ಒಬ್ಬರು ಈಚೆ ನಿಂತು ಬೆರಳಲ್ಲೇ ಮಾತಾಡಿಕೊಂಡರು.

ಕೌದಿಗೆ ಕೇಳಿದವರು ಹಲವರು. ಬೆಲೆ ಕೇಳಿ "ಹಳೇ ಬಟ್ಟೆಗೆ ಇಷ್ಟಾ?" ಅಂದವರೇ ಜಾಸ್ತಿ. ಕೊನೆಗೆ ಗೋವಾದಿಂದ ಬಂದ ದಂಪತಿ ಚೌಕಾಸಿ ಮಾಡದೆ ಕೊಂಡರು. ದುಡ್ಡು ಅಲ್ಲಿಂದಲೇ ಅಜ್ಜಿಯ ಮೊಮ್ಮಗಳ ಖಾತೆಗೆ ಹೋಯಿತು. ನನ್ನ ಕೃತಿ ಒಂದೂ ಹೋಗಲಿಲ್ಲ. ಕಮ್ಮಟದ ಕೆಲಸಗಳಲ್ಲಿ ಹೋದದ್ದು ಟೇಲರ್ ಅಣ್ಣನದು. ಬಿಳಿ ಬಟ್ಟೆಯ ಮೇಲೆ ಕೋಟಿಲ್ಲದ ಕೋಟು, ಬರೀ ಕಚ್ಚಾ ಹೊಲಿಗೆ, ತೋಳಿನ ಹತ್ತಿರ ಸ್ವಲ್ಪ ಸೊಟ್ಟ. ಹುಬ್ಬಳ್ಳಿಯ ಡಾಕ್ಟರೊಬ್ಬರು ಕ್ಲಿನಿಕ್ಕಿನಲ್ಲಿ ಹಾಕುತ್ತೇನೆಂದು ಕೊಂಡರು.

ಖುಷಿ ಸುದ್ದಿ ಹೇಳೋಣವೆಂದು ಶಿರಸಿಗೆ ಫೋನ್ ಮಾಡಿದೆ. ಅತ್ತ ಹೊಲಿಗೆ ಮಷಿನ್ ಸದ್ದು ನಿಂತಿತು.

"ಮಾರಾಟ ಆಯ್ತಾ? ಅಯ್ಯೋ ಮೇಡಂ, ಕೊಡಬೇಡಿ, ಕೊಡಬೇಡಿ. ಎಡಗೈ ತೋಳು ಸೊಟ್ಟ ಇದೆ. ಬಸ್ಸಿಗೆ ಹಾಕಿ ಕಳಿಸಿ, ಬಿಚ್ಚಿ ನೇರ ಮಾಡಿ ಕೊಡ್ತೇನೆ."